ಹಸುಗೂಸಿನ ಮೊದಲ ತುತ್ತು

(ಸಂಘದ ಮಹಿಳಾ ಶಾಖೆಯ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೂ ಕೂಸಿನ ಊಟಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿರುವುದು ಲೆಕ್ಕದಲ್ಲಿಯೇ. ನಾವು ದಂಪತಿಗಳಿಬ್ಬರೂ ದುಡಿಯುವವರು. ಡೊಂಬಿವಲಿಯಲ್ಲಿ ಮನೆ, ಫೋರ್ಟಿನಲ್ಲಿ ಕಚೇರಿ. ಊರಿನಿಂದ ಅಜ್ಜಿಯರು ಬಂದರೆ ಎರಡು ತಿಂಗಳಿದ್ದು ಹೊರಟುಹೋಗುತ್ತಾರೆ. ಮುಂಬಯಿಯ ಅನೇಕ ಕನ್ನಡಿಗರ ಮನೆಗಳ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಹಾಲು ಬಿಡಿಸುವ ಕಾಲದಲ್ಲಿ ಇಂಥ ಮನೆಗಳು ಏನು ಮಾಡಬೇಕೆಂಬುದನ್ನಷ್ಟೇ ತಮ್ಮ ಮುಂದೆ ಇಡಬಯಸುತ್ತೇವೆ.

ಮೊದಲು ದಿನಗಳ ಲೆಕ್ಕ. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರು ಸಹ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1961ರ ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳ ಹೆರಿಗೆಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಅಂದರೆ 182 ದಿನ, ಹೆಚ್ಚುಕಡಿಮೆ ಆರು ತಿಂಗಳು. ಕಾಗದದ ಮೇಲೆ ಜಮಾಖರ್ಚು ತಾಳೆಯಾಯಿತು! ಆದರೆ ತುಂಬಿದ ಗರ್ಭಿಣಿ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕೊನೆಯ ದಿನದವರೆಗೆ ಓಡಾಡುವುದುಂಟೇ? ಹೆರಿಗೆಗೆ ಮುಂಚೆ ಎಂಟು ವಾರ ಕಳೆದರೆ ಉಳಿಯುವುದು 126 ದಿನ. ಮಗುವಿಗೆ ನಾಲ್ಕು ತಿಂಗಳು ದಾಟುತ್ತಲೇ ತಾಯಿ ಕಚೇರಿಗೆ ಹಾಜರಾಗಬೇಕು. 56 ದಿನಗಳ ಕೊರತೆ ಬಿತ್ತು. ಸೀಸೆಯಾಗಲಿ, ಡಬ್ಬಿಯ ಪುಡಿಯಾಗಲಿ, ಅವಸರದ ಗಂಜಿಯಾಗಲಿ ನಮ್ಮ ಮನೆಗಳಿಗೆ ಕಾಲಿಡುವುದು ಈ ಐವತ್ತಾರು ದಿನಗಳಲ್ಲಿಯೇ.

ಈ ಕೊರತೆಯನ್ನು ತುಂಬುವ ಉಪಾಯವಿದೆ. ತಾಯಿ ಹಾಲನ್ನು ಶುದ್ಧವಾದ ಪಾತ್ರೆಯಲ್ಲಿ ಹಿಂಡಿಟ್ಟು ಹೋಗಬಹುದು. ಫ್ರಿಜ್ಜಿನಲ್ಲಿ ಅದು ಒಂದು ದಿನ ಕೆಡದೆ ಇರುತ್ತದೆ. ಅದನ್ನು ಕಾಯಿಸಬಾರದು; ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸುವುದಕ್ಕೆ ರಬ್ಬರಿನ ತೊಟ್ಟಿನ ಸೀಸೆ ಬೇಡ. ನಮ್ಮ ಹಿರಿಯರ ಒಳಲೆಗಿಂತ ಮಿಗಿಲಾದ ಸಾಧನವನ್ನು ನಾವು ಕಂಡಿಲ್ಲ. ತೊಳೆಯಲು ಸುಲಭ, ಮೂಲೆಯಲ್ಲಿ ಹಾಲು ಕಟ್ಟಿ ನಿಲ್ಲುವುದಿಲ್ಲ. ಕಷ್ಟವಿರುವುದು ಕಚೇರಿಯಲ್ಲಿ. ನಮ್ಮ ಮನೆಯ ತಾಯಿಗೆ ಹಾಲು ಹಿಂಡಲು ದೊರೆತ ಸ್ಥಳ ಹಳೆಯ ಲೆಡ್ಜರುಗಳ ಕೋಣೆ. ಅದಕ್ಕೂ ಅಗಳಿ ಇರಲಿಲ್ಲ. ಗೆಳತಿಯೊಬ್ಬರು ಬಾಗಿಲಿಗೆ ಒರಗಿ ನಿಂತು ಕಾಯುತ್ತಿದ್ದರು. ಕಚೇರಿಗಳಲ್ಲಿ ಅಧಿಕಾರ ಉಳ್ಳವರು ಈ ಸಭೆಯಲ್ಲಿಯೂ ಇದ್ದೀರಿ. ಒಂದು ಅಗಳಿಗೆ ಎಷ್ಟು ಬೆಲೆಯಾದೀತು?

ಇನ್ನು ಆರು ತಿಂಗಳು ತುಂಬಿದ ಮೇಲೆ ತಡಮಾಡುವುದೂ ತಪ್ಪೇ. ಮಗು ಹುಟ್ಟುವಾಗ ಮೈಯಲ್ಲಿ ಕಬ್ಬಿಣಾಂಶದ ಒಂದು ಠೇವಣಿಯನ್ನು ತಂದಿರುತ್ತದೆ. ಮೊಲೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಆರು ತಿಂಗಳ ಹೊತ್ತಿಗೆ ಠೇವಣಿ ಕರಗುತ್ತ ಬಂದಿರುತ್ತದೆ, ಹೊಸ ಜಮೆ ಬೀಳಲೇಬೇಕು. ಅನ್ನಪ್ರಾಶನವನ್ನು ಗಂಡು ಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣು ಮಗುವಿಗೆ ಬೆಸ ತಿಂಗಳಲ್ಲಿ ಮಾಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಹೆಣ್ಣಿಗೆ ಐದನೆಯದನ್ನು ಬಿಟ್ಟು ಏಳನೆಯದನ್ನು ಹಿಡಿದರೆ ಶಾಸ್ತ್ರವೂ ಉಳಿಯಿತು, ವೈದ್ಯರ ಮಾತೂ ನಡೆಯಿತು. ಗಂಡಿಗೆ ಆರು ತುಂಬಿದೊಡನೆ ತುತ್ತು ಆರಂಭಿಸಿ, ದೇವಸ್ಥಾನದ ಸಮಾರಂಭವನ್ನು ಬೇಕಾದಾಗ ಮಾಡಿಕೊಳ್ಳಬಹುದು. ಮೊಲೆಹಾಲನ್ನಂತೂ ಎರಡು ವರ್ಷದವರೆಗೆ, ಆಮೇಲೂ, ಬಿಡಿಸಬೇಕಾಗಿಲ್ಲ.

ಏನು ಕೊಡಬೇಕು? ಮೈಸೂರಿನ ಕಡೆಯವರು ರಾಗಿ ಸರಿ ಎನ್ನುತ್ತಾರೆ, ಕರಾವಳಿಯವರು ರಾಗಿ ಮಣ್ಣಿ ಎನ್ನುತ್ತಾರೆ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ನಾಚಣಿ ಎಂದು ಕೇಳಬೇಕು, ಅಷ್ಟೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬಿಳಿಯ ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ನಮ್ಮಲ್ಲಿ ಬಹುಮಂದಿ ಸರಿಯನ್ನು ನೀರಾಗಿ ಮಾಡುತ್ತಾರೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆರರಿಂದ ಎಂಟು ತಿಂಗಳ ಮಗುವಿಗೆ ಮೊಲೆಹಾಲಲ್ಲದೆ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಸಿಕ್ಕಬೇಕು. ಅದರ ಹೊಟ್ಟೆಯಲ್ಲಿ ಹಿಡಿಸುವುದು ಒಂದು ಸಣ್ಣ ಬಟ್ಟಲು ಮಾತ್ರ. 10 ಗ್ರಾಂ ಹಿಟ್ಟನ್ನು ಬಟ್ಟಲು ನೀರಿಗೆ ಕಲಸಿ ಕುದಿಸಿದರೆ ಸಿಗುವುದು 32 ಕ್ಯಾಲೊರಿ. ಮೂರು ಹೊತ್ತು ಕುಡಿಸಿದರೂ ನೂರಾಗದು. ಹೊಟ್ಟೆ ತುಂಬಿತೆಂದು ಮಗು ಮಲಗುತ್ತದೆ, ತೂಕ ಮಾತ್ರ ಏರುವುದಿಲ್ಲ. ಹಿಟ್ಟು ಹೆಚ್ಚಿಸಿದರೋ ಸರಿ ಮುದ್ದೆಯಾಗಿ ಗಂಟಲಲ್ಲಿ ಇಳಿಯದು.

ಈ ಬಿಕ್ಕಟ್ಟಿಗೆ ಪರಿಹಾರ ಮೊಳಕೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಒಂದು ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿ ಕಟ್ಟದೆ ಮಿದುವಾಗಿಯೇ ಇರುತ್ತದೆ. ಕಬ್ಬಿಣಾಂಶವೂ ಮೈಗೆ ಸುಲಭವಾಗಿ ಹತ್ತುತ್ತದೆ. ರಾಗಿಯನ್ನು ಕಲ್ಲು ಆರಿಸಿ, ತೊಳೆದು, ಒಂದು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಮುಂಬಯಿಯ ಸೆಕೆಗೆ ಮೊಳಕೆ ಒಂದೇ ದಿನದಲ್ಲಿ ಬಂದೀತು. ಹುಳಿ ವಾಸನೆ ಬಂದರೆ ಎಸೆಯಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು, ಒಣಗದೆ ಬೂಷ್ಟು ಹಿಡಿಯುತ್ತದೆ. ಗಲಗಲ ಒಣಗಿದ ಮೇಲೆ ಉಜ್ಜಿ ಮೊಳಕೆ ಉದುರಿಸಿ, ಘಮ್ಮೆನ್ನುವಷ್ಟೇ ಹುರಿದು ಬೀಸಬೇಕು. ಕಪ್ಪಾಗುವಂತೆ ಹುರಿದರೆ ಕಿಣ್ವವೇ ಸಾಯುತ್ತದೆ. ಸರಿಯ ಹದಕ್ಕೆ ಗುರುತು ಒಂದೇ: ಚಮಚ ಓರೆ ಮಾಡಿದರೆ ಅದು ಮೆಲ್ಲನೆ ಜಾರಬೇಕು, ಸುರಿಯಬಾರದು. ಅದಕ್ಕೊಂದು ಚಮಚ ತುಪ್ಪ ಬೀಳಲಿ. ತುಪ್ಪವೆಂದರೆ ಹೆದರುವ ವಯಸ್ಸು ನಮ್ಮದು, ಮಗುವಿನದಲ್ಲ.

ರಾಗಿಯೊಂದೇ ಸಾಲದು. ತೊವ್ವೆ, ಅರೆದ ಸೊಪ್ಪು, ಅದರ ಮೇಲೆ ನಾಲ್ಕು ಹನಿ ನಿಂಬೆರಸ, ಕುಂಬಳಕಾಯಿ, ಪಪ್ಪಾಯಿ, ಮೊಸರು ದಿನದಿನವೂ ಬದಲಾಗುತ್ತ ಬರಲಿ. ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು ಆರು ತಿಂಗಳು ತುಂಬಿದಂದಿನಿಂದಲೇ ಆಗಬಹುದು. ಹಲ್ಲು ಬರಲೆಂದು ಕಾಯುವ ಅಗತ್ಯವಿಲ್ಲ.

ಅಜ್ಜಿಯರಲ್ಲಿ ಕ್ಷಮೆ ಕೇಳಿಕೊಂಡೇ ಕೆಲವು ಮಾತು. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ; ಅದರಲ್ಲಿ ಇರಬಹುದಾದ ಒಂದು ರೋಗಾಣುವನ್ನು ಎಳೆಯ ಕರುಳು ತಡೆಯಲಾರದು. ಉಪ್ಪೂ ಆಗ ಬೇಡ. ಸಕ್ಕರೆ, ಬೆಲ್ಲ ಎರಡು ವರ್ಷದವರೆಗೂ ಬೇಡ. ಚಹದಲ್ಲಿ ಅದ್ದಿದ ಬಿಸ್ಕತ್ತನ್ನು ಆಹಾರವೆಂದು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಡಬ್ಬಿಯನ್ನು ನಾವು ಸಾರಾಸಗಟಾಗಿ ಹಳಿಯುವವರಲ್ಲ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾಲಯವೇ. ತಾಯಿಯ ಹಾಲಿಲ್ಲದ ಎಷ್ಟೋ ಕೂಸುಗಳಿಗೆ ಡಬ್ಬಿ ಜೀವದಾನ ಮಾಡಿದೆ. ಆದರೆ 1992ರ ಕಾನೂನು ಶಿಶುಗಳ ಹಾಲಿನ ಪುಡಿಗೂ ಸೀಸೆಗೂ ಜಾಹೀರಾತನ್ನೇ ನಿಷೇಧಿಸಿತೆಂಬುದನ್ನು ಮರೆಯಬಾರದು. ಅಗತ್ಯವಿದ್ದವರು ವೈದ್ಯರನ್ನು ಕೇಳಿ ಕೊಳ್ಳಲಿ, ಅಂಗಡಿಯವನನ್ನು ಕೇಳಿ ಅಲ್ಲ.

ವರ್ಷ ದಾಟಿದ ಮಕ್ಕಳಿಗೆ ಬೇರೆ ಅಡಿಗೆ ಬೇಕಿಲ್ಲ. ಹುಳಿಗೆ ಖಾರ ಬೀಳುವ ಮುಂಚೆ ಒಂದು ಸೌಟು ಬೇಳೆ ತರಕಾರಿ ತೆಗೆದಿಟ್ಟು, ಅನ್ನಕ್ಕೆ ಕಲಸಿ, ದಿನಕ್ಕೆ ಮೂರು ನಾಲ್ಕು ಬಾರಿ ಕೊಡಬೇಕು. ಮಗು ಬಾಯಿ ತಿರುಗಿಸಿದರೆ ಮೊಬೈಲು ಹಿಡಿದು ತುರುಕದೆ, ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯಬೇಕು.

ಕೊನೆಯದಾಗಿ ಒಂದು ಬಿನ್ನಹ. ಎರಡನೆಯ ಶನಿವಾರ ಬ್ಯಾಂಕುಗಳಿಗೆ ರಜೆ. ಸಂಘದ ಗಚ್ಚಿನ ಮೇಲೆ ಬಿಸಿಲು ಧಾರಾಳವಾಗಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಆ ದಿನ ಹತ್ತು ಮನೆಗಳ ರಾಗಿಯನ್ನು ಅಲ್ಲಿ ಒಟ್ಟಿಗೆ ಒಣಗಿಸಬಹುದು. ಮೊಳಕೆ ಕಟ್ಟುವ ಕೈ ಪಳಗಿದ ಹಿರಿಯ ತಾಯಂದಿರು ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಅವರು ಹದ ಹೇಳಿಕೊಡಲಿ. ಬೀಸಿಸಿ ತಂದು, ತೂಗಿ, ಮನೆಮನೆಗೆ ಹಂಚುವುದನ್ನೂ ಲೆಕ್ಕ ಬರೆಯುವುದನ್ನೂ ನಾವು ವಹಿಸಿಕೊಳ್ಳುತ್ತೇವೆ. ಬರುವವರು ಒಂದು ಕಿಲೋ ರಾಗಿಯನ್ನು ಶುಕ್ರವಾರವೇ ಮೊಳಕೆ ಬರಿಸಿ, ಹಳೆಯ ಪಂಚೆಯೊಂದರೊಡನೆ ಬೆಳಿಗ್ಗೆ ಎಂಟಕ್ಕೆ ತರಬೇಕು. ಹೆಸರು ಬರೆಸುವ ಪುಸ್ತಕ ಬಾಗಿಲ ಬಳಿ ಇದೆ.