ಲೆಕ್ಕ ಒಪ್ಪಿಸುವ ಕಾಲ

(ನಂದಿನಿ ಲೇಔಟ್‌ನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



ಗಾರ್ಮೆಂಟ್ಸ್ ಕೆಲಸ ಮುಗಿಸಿ, ಮಕ್ಕಳಿಗೆ ಊಟಕ್ಕಿಟ್ಟು ಓಡಿ ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೇ ಬರುತ್ತೇವೆ. ನಮ್ಮ ಸಂಘಗಳಲ್ಲಿ ಬೇರೆ ಧರ್ಮದ ಸಹೋದರಿಯರೂ ಇದ್ದೀರಿ. ಇಂದಿನ ಮಾತು ಧರ್ಮಸಭೆಯ ವರ್ಷದ ಬಗ್ಗೆ. ಆದರೆ ಹಬ್ಬದ ಸಾಲ ಯಾರ ಮನೆಯನ್ನೂ ಬಿಟ್ಟಿಲ್ಲ, ಅಲ್ವಾ? ನೀವು ವರಮಹಾಲಕ್ಷ್ಮಿ ಎಂದೋ ರಂಜಾನ್ ಎಂದೋ ಹೆಸರು ಬದಲಾಯಿಸಿಕೊಂಡು ಕೇಳಿ.

ಬ್ಯಾಂಕಿನ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಧರ್ಮಸಭೆಯ ವರ್ಷ ಶುರುವಾಗುವುದು ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ. ಅಲ್ಲಿಂದ ಕ್ರಿಸ್ಮಸ್, ಆಮೇಲೆ ವಿಭೂತಿ ಬುಧವಾರ, ತಪಸ್ಸುಕಾಲ, ಪಾಸ್ಖ, ಪೆಂತೆಕೋಸ್ತ್. ಉಳಿದದ್ದೆಲ್ಲ ಹಸಿರು ಬಣ್ಣದ ಸಾಧಾರಣ ಕಾಲ.

ಈ ವರ್ಷ ಮುಗಿಯುತ್ತಾ ಬಂದಾಗ ಪೂಜೆಯಲ್ಲಿ ಓದುವ ಶುಭಸಂದೇಶಗಳನ್ನು ಗಮನಿಸಿದ್ದೀರಾ? ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಒಂದು ವರ್ಷ ನವೆಂಬರಿನಲ್ಲಿ, ಯಜಮಾನ ಪರದೇಶಕ್ಕೆ ಹೋಗುವಾಗ ಆಳುಗಳ ಕೈಗೆ ಹಣ ಕೊಟ್ಟು ಹೋದ ಕಥೆ. ಇನ್ನೊಂದು ವರ್ಷ ನವೆಂಬರಿನಲ್ಲೇ ಬಡ ವಿಧವೆಯ ಎರಡು ಕಾಸು. ಮತ್ತೊಂದು ವರ್ಷ ಸೆಪ್ಟೆಂಬರಿನಲ್ಲಿ, ಮನೆವಾರ್ತೆ ನೋಡಿಕೊಳ್ಳುತ್ತಿದ್ದವನನ್ನು ಯಜಮಾನ ಕರೆದು ಲೆಕ್ಕ ಕೇಳಿದ ಕಥೆ. ವರ್ಷ ಮುಗಿಯುವ ಮುಂಚೆ ಲೆಕ್ಕ ಕೊಡಬೇಕು ಅನ್ನುವುದು ನಮ್ಮ ಸಂಘದ ಪದ್ಧತಿ ಮಾತ್ರ ಅಲ್ಲ ನೋಡಿ!

ಮನೆವಾರ್ತೆಯವನು ಮಾಲೀಕನಲ್ಲ. ಹಣ ಅವನದಲ್ಲ, ಜವಾಬ್ದಾರಿ ಮಾತ್ರ ಅವನದು. ಇದನ್ನು ನಿಮಗೆ ನಾವು ವಿವರಿಸಬೇಕಾಗಿಲ್ಲ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ ಇಟ್ಟು ವ್ಯವಹಾರ ಮಾಡಿದವರು ನೀವು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಆಸ್ತಿಪತ್ರ ಇಲ್ಲದ ಹೆಂಗಸರಿಗೆ ಬ್ಯಾಂಕು ಸಾಲ ಕೊಡುವಾಗ ನೋಡುವುದೇನು? ಸಭೆ ತಪ್ಪದೆ ನಡೆದಿದೆಯೇ, ಉಳಿತಾಯ ಬರೆದಿದ್ದಾರೆಯೇ, ಸಾಲ ವಾಪಸ್ ಬಂದಿದೆಯೇ ಎಂದು. ನಿಮ್ಮ ಪುಸ್ತಕವೇ ನಿಮ್ಮ ಜಾಮೀನು.

ಆ ವಿಧವೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ತನ್ನ ಜೀವನಕ್ಕಿದ್ದದ್ದನ್ನೆಲ್ಲ ಕಾಣಿಕೆ ಪೆಟ್ಟಿಗೆಗೆ ಹಾಕಿದಳು ಎಂದು ಅವಳನ್ನು ಹೊಗಳಿ ಪ್ರಸಂಗ ಮಾಡುವುದನ್ನು ಎಲ್ಲರೂ ಕೇಳಿದ್ದೇವೆ. ಆದರೆ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಅದರ ಹಿಂದಿನ ಮಾತನ್ನೂ ಓದಿ. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸುಸ್ವಾಮಿ ಅಲ್ಲಿ ಖಂಡಿಸುತ್ತಾರೆ. ಅದಾದ ಕೂಡಲೇ ಈ ವಿಧವೆ ಬರುತ್ತಾಳೆ. ಅವಳ ಭಕ್ತಿ ದೊಡ್ಡದು, ಸಂಶಯವಿಲ್ಲ. ಆದರೆ ಅವಳ ಹತ್ತಿರ ಎರಡೇ ಕಾಸು ಉಳಿದದ್ದು ಯಾಕೆ ಅಂತಲೂ ಕೇಳಬೇಕಲ್ಲವೇ? ಬಡ ತಾಯಿ ಸಾಲ ಮಾಡಿ ಕಾಣಿಕೆ ಕೊಡಲಿ, ಸಾಲ ಮಾಡಿ ಹಬ್ಬ ಮಾಡಲಿ ಎಂದು ಈ ಕಥೆಯಿಂದ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ.

ಈಗ ಸಾಲದ ಮಾತು. ಡಿಸೆಂಬರ್ ಬಂದರೆ ಮಕ್ಕಳಿಗೆ ಬಟ್ಟೆ, ನಕ್ಷತ್ರ, ಗೋದಲಿ, ಕಲ್‌ಕಲ್ಲು, ಕರ್ಜಿಕಾಯಿ, ಊರಿಂದ ಬಂದ ನೆಂಟರಿಗೆ ಬಿರಿಯಾನಿ. ಕೈಯಲ್ಲಿ ದುಡ್ಡಿಲ್ಲ. ಬೀದಿಯ ಬಡ್ಡಿಯವರು ಅಂದೇ ಕೊಡುತ್ತಾರೆ, ಸಹಿಯೂ ಬೇಡ. ಹತ್ತು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ ಅಂದರೆ 500 ರೂಪಾಯಿ. ಮುಂದಿನ ಕ್ರಿಸ್ಮಸ್ ಹೊತ್ತಿಗೆ 6,000 ಕಟ್ಟಿರುತ್ತೀರಿ, ಅಸಲು ಹತ್ತು ಸಾವಿರ ಹಾಗೇ ಕೂತಿರುತ್ತದೆ. ಅದೇ ಹಣವನ್ನು ಸಂಘದಿಂದ ನೂರಕ್ಕೆ ಎರಡರಂತೆ ತೆಗೆದುಕೊಂಡು, ತಿಂಗಳಿಗೆ ಸಾವಿರ ಅಸಲು ತೀರಿಸಿದರೆ ಹತ್ತು ತಿಂಗಳಲ್ಲಿ ಒಟ್ಟು ಬಡ್ಡಿ 1,100. ಅದೂ ನಮ್ಮ ಪೆಟ್ಟಿಗೆಗೇ ಬಂತು.

ಹಾಗಾದರೆ ಎಲ್ಲರೂ ಡಿಸೆಂಬರಿನಲ್ಲಿ ಸಂಘದಿಂದಲೇ ತೆಗೆದುಕೊಳ್ಳೋಣ ಅನ್ನಬಹುದು. ಅಲ್ಲೇ ತೊಂದರೆ ಇರುವುದು. ಹಬ್ಬಕ್ಕೆ ಪೆಟ್ಟಿಗೆ ಖಾಲಿಯಾದರೆ, ಶಾಲೆ ಶುರುವಾಗುವಾಗ ಫೀಸಿಗೆ, ಯಾರಿಗಾದರೂ ಆಸ್ಪತ್ರೆಗೆ ಎಂದರೆ ಕೊಡಲು ಏನೂ ಉಳಿಯುವುದಿಲ್ಲ. ಅವರು ಮತ್ತೆ ಬೀದಿ ಬಡ್ಡಿಗೇ ಹೋಗುತ್ತಾರೆ. ಒಬ್ಬಳ ಹೊಸ ಸೀರೆ ಇನ್ನೊಬ್ಬಳ ಮಗುವಿನ ಫೀಸಿಗೆ ಅಡ್ಡ ಬಂದ ಹಾಗೆ. ಕೇಳಲು ಕಹಿ, ಆದರೆ ಹೇಳಲೇಬೇಕು.

ಸಾಲ ವಸೂಲಿಗೆ ಹೆದರಿಸುವುದು, ಹಿಂಸೆ ಕೊಡುವುದನ್ನು ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ನಿಂತು ಕೂಗಾಡುವವರಿಗೆ ಹೆದರಬೇಡಿ, ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಸಂಘದವರೆಲ್ಲ ಜೊತೆಗೆ ಹೋಗಿ. ಆದರೆ ಕಾನೂನು ಹಬ್ಬದ ಖರ್ಚು ಕಡಿಮೆ ಮಾಡಿಕೊಡುವುದಿಲ್ಲ.

ದಾರಿ ಇರುವುದು ಹಸಿರು ಕಾಲದಲ್ಲಿ. ಜೂನ್‌ನಿಂದ ನವೆಂಬರ್ ತನಕ ಗುರುಗಳ ಪೂಜಾವಸ್ತ್ರ ಹೆಚ್ಚಾಗಿ ಹಸಿರು. ಮಳೆ ಬಂದು ಪೈರು ಬೆಳೆಯುವ ಕಾಲವೂ ಅದೇ. ಜೂನ್ ಮೊದಲ ವಾರದಿಂದ ವಾರಕ್ಕೆ ನೂರು ರೂಪಾಯಿ ಎತ್ತಿಟ್ಟರೆ 26 ವಾರಕ್ಕೆ, ಅಂದರೆ ನವೆಂಬರ್ ಕೊನೆಗೆ, 2,600 ರೂಪಾಯಿ. ಮಕ್ಕಳ ಬಟ್ಟೆ, ತಿಂಡಿ ಅಷ್ಟರಲ್ಲಿ ಆಗುತ್ತದೆ. ಬಿರಿಯಾನಿಗೆ ನೆಂಟರೂ ಸ್ವಲ್ಪ ಕೋಳಿ ತರಲಿ ಬಿಡಿ! ಇದು ನಿತ್ಯದ ಉಳಿತಾಯಕ್ಕೆ ಸೇರಬಾರದು, ಬೇರೆ ಪುಟದಲ್ಲಿ ಬರೆಯಬೇಕು.

ತಪಸ್ಸುಕಾಲ ಮಾರ್ಚ್ ಲೆಕ್ಕದ ಹೊತ್ತಿಗೇ ಬರುತ್ತದೆ. ಉಪವಾಸದಿಂದ ಉಳಿದದ್ದು ನಮ್ಮ ಬೀರುವಿಗಲ್ಲ, ಹಸಿದವರಿಗೆ ಸೇರಬೇಕು. ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ. ಪಕ್ಕದ ಮನೆಯಲ್ಲಿ ಕೆಲಸ ಹೋದವರು ಇದ್ದರೆ ಮೊದಲು ಅಲ್ಲಿಗೆ ಒಂದು ಸೇರು ಅಕ್ಕಿ ಹೋಗಲಿ. ಮೀನು ಮಾಂಸ ಬಿಟ್ಟು, ಸಂಘದ ಕಂತನ್ನೂ ಬಿಟ್ಟರೆ ಅದು ತಪಸ್ಸಲ್ಲ.

ಪ್ರತಿ ಸಂಘದ ಪ್ರತಿನಿಧಿ ಜೂನ್ ಮೊದಲ ಸಭೆಗೆ ಒಂದು ಹೊಸ ನೋಟ್‌ಬುಕ್ ತರಬೇಕು. ಮೊದಲ ಪುಟದಲ್ಲಿ ಸದಸ್ಯೆಯರ ಹೆಸರು, ಯಾವ ಹಬ್ಬಕ್ಕೆ ಕೂಡಿಡುತ್ತಾರೆ, ವಾರಕ್ಕೆ ಎಷ್ಟು ಎಂದು ಬರೆಯಿರಿ. ಐವತ್ತಾದರೂ ಸರಿ, ಇಪ್ಪತ್ತಾದರೂ ಸರಿ. ಬೀದಿ ಬಡ್ಡಿಗೆ ಈಗಾಗಲೇ ಸಿಕ್ಕಿಕೊಂಡಿರುವವರು ಸಭೆಯಲ್ಲಿ ಹೇಳಲು ನಾಚಿಕೆಯಾದರೆ ಸಭೆ ಮುಗಿದ ಮೇಲೆ ನಮ್ಮನ್ನು ನೋಡಿ. ಮೊದಲು ಆ ಸಾಲ ತೀರಿಸುವುದು ಹೇಗೆ ಎಂದು ಕೂತು ಲೆಕ್ಕ ಹಾಕೋಣ.