ಫ್ರಿಜ್‌ನಲ್ಲಿ ಚಳಿಗಾಲ ಕಳೆದ ಮೇಪಲ್ ಬೀಜ

ನಾನಿರೋದು ಕೆನಡಾದ ಟೊರಾಂಟೊದಲ್ಲಿ. ಬಂದ ವರ್ಷ ಅಕ್ಟೋಬರ್‌ನಲ್ಲಿ ಶುಗರ್ ಮೇಪಲ್ ಮರದಡಿ ಬಿದ್ದಿದ್ದ ರೆಕ್ಕೆ ಬೀಜಗಳನ್ನ ಆರಿಸಿ ತಂದು, ಕುಂಡಕ್ಕೆ ಹಾಕಿ, ಹೀಟರ್ ಪಕ್ಕ ಇಟ್ಟೆ. ಒಂದೂ ಮೊಳೀಲಿಲ್ಲ.

ಆಮೇಲೆ ಗೊತ್ತಾಯ್ತು, ಈ ಬೀಜಕ್ಕೆ ಚಳಿಗಾಲ ಬೇಕೇ ಬೇಕು. ಶರತ್ಕಾಲದಲ್ಲೇ ಮೊಳೆತರೆ ಹಿಮಕ್ಕೆ ಸಾಯುತ್ತಲ್ಲ, ಅದಕ್ಕೇ ಕಾಯುತ್ತೆ. ಒದ್ದೆ ಮರಳಲ್ಲಿ ಬೆರೆಸಿ, ಕವರ್‌ಗೆ ಹಾಕಿ, ಫ್ರಿಜ್‌ನಲ್ಲಿ 1ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 90 ದಿನ ಇಡಬೇಕು. ಫ್ರೀಜರ್‌ನಲ್ಲಲ್ಲ! ಸಿಲ್ವರ್ ಮೇಪಲ್ ಕಥೆ ಬೇರೆ: ಬೇಸಿಗೆ ಶುರುವಲ್ಲೇ ಬೀಜ ಉದುರುತ್ತೆ, ಒಣಗೋ ಮೊದಲೇ ಬಿತ್ತಬೇಕು.

ಮುಂದಿನ ಸಲ 20ರಲ್ಲಿ 3 ಮೊಳೆತವು. ಮೊದಲ ಎರಡು ಎಲೆ ಉದ್ದುದ್ದ ಪಟ್ಟಿ ಥರ. ಬಾವುಟದಲ್ಲಿ ನೋಡ್ತೀವಲ್ಲ, ಆ ಆಕಾರ ಆಮೇಲೆ ಬಂತು.

ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಸಿರಪ್ ಯಾವಾಗ ಬರುತ್ತೋ?" ಅಂದ್ರು ಅಮ್ಮ.

"ಇನ್ನೂ 30–40 ವರ್ಷ ಬೇಕಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನೀನು ವಾಪಸ್ ಬರಲ್ಲ ಅಂತಾಯ್ತು" ಅಂದ್ರು.

ಉತ್ತರ ಕೊಡೋಕಾಗ್ಲಿಲ್ಲ. ನಂದು ಬಾಡಿಗೆ ಮನೆ. ಗಿಡಗಳನ್ನ ನೆಲಕ್ಕೆ ಇಳಿಸೋ ಸಮಯ ಬಂದಿದೆ. ಮೂರೂ ಇನ್ನೂ ಕುಂಡದಲ್ಲೇ ಇವೆ.