ಮಡಿದವರನ್ನು ಕುರಿತ ಒಂದು ಹಾಡು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ರಾಕ್ ಸಂಗೀತವೆಂದೊಡನೆ ನಮ್ಮ ಹಿರಿಯರು ಕಿವಿ ಮುಚ್ಚಿಕೊಳ್ಳುವುದುಂಟು. ಆದರೆ ನಮ್ಮ ಲಾವಣಿಗಳಂತೆ, ನಡೆದ ಸಂಗತಿಯನ್ನೇ ಕಥೆ ಮಾಡಿ ಹೇಳುವ ಹಾಡುಗಳು ಅದರಲ್ಲಿಯೂ ಇವೆ. ಅಂತಹ ಒಂದನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ.

ಅಮೆರಿಕ, ಕೆನಡಾ ದೇಶಗಳ ನಡುವೆ ಸುಪೀರಿಯರ್ ಎಂಬ ಮಹಾಸರೋವರವಿದೆ. ಹೆಸರಿಗೆ ಸರೋವರ, ಬಿರುಗಾಳಿ ಎದ್ದರೆ ಸಮುದ್ರವೇ ಸರಿ. 1975ರ ನವೆಂಬರ್ 9ರಂದು ‘ಎಡ್ಮಂಡ್ ಫಿಟ್ಸ್‌ಜೆರಾಲ್ಡ್’ ಎಂಬ 729 ಅಡಿ ಉದ್ದದ ಹಡಗು, 26,000 ಟನ್ನಿಗೂ ಮಿಕ್ಕ ಕಬ್ಬಿಣದ ಅದಿರನ್ನು ಹೇರಿಕೊಂಡು ಹೊರಟಿತು. ಮರುದಿನ ಬಿರುಗಾಳಿಗೆ ಸಿಕ್ಕಿತು. ಸಂಜೆ 7 ಗಂಟೆ ದಾಟಿದ ಮೇಲೆ, ಹಿಂದೆ ಬರುತ್ತಿದ್ದ ಹಡಗಿನವರು ರೇಡಿಯೋದಲ್ಲಿ ವಿಚಾರಿಸಿದಾಗ, ಕಪ್ತಾನ ಮೆಕ್‌ಸಾರ್ಲಿಯವರು ಹೇಗೋ ನಿಭಾಯಿಸುತ್ತಿದ್ದೇವೆಂದು ಉತ್ತರ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 29 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ.

ಕೆನಡಾದ ಗಾಯಕ ಗಾರ್ಡನ್ ಲೈಟ್‌ಫುಟ್ ಅವರು ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹಾಡು ಕಟ್ಟಿದರು. ಜಾನಪದ ಧಾಟಿಗೆ ರಾಕ್ ವಾದ್ಯಗಳು ಸೇರಿದ, ಪಲ್ಲವಿಯೇ ಇಲ್ಲದ, ಆರು ನಿಮಿಷಕ್ಕೂ ಮೀರಿದ ಈ ಹಾಡು 1976ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಅದರ ಒಂದು ಸಾಲಿನಲ್ಲಿ ಸರಕಿನ ಕೋಣೆಯ ಮುಚ್ಚಳ ಕುಸಿಯಿತೆಂದಿತ್ತು. ಹಡಗಿಗೆ 21 ಮುಚ್ಚಳಗಳು. ಒಂದೊಂದಕ್ಕೂ ಬಿಗಿಯುವ 68 ಕೊಂಡಿಗಳು. ಬಿಗಿಯುವ ಕೆಲಸ ನಾವಿಕರದು. 1977ರ ಸರಕಾರಿ ವರದಿಯೂ ಮುಚ್ಚಳಗಳತ್ತಲೇ ಬೆರಳು ತೋರಿತು. ಹಡಗು ಕಂಪನಿಗಳ ಸಂಘವು ಒಪ್ಪಲಿಲ್ಲ. ನೀರಡಿಯ ದಿಬ್ಬಕ್ಕೆ ತಳ ತಗುಲಿರಬೇಕೆಂದಿತು. ಕಾರಣವು ಇಂದಿಗೂ ಇತ್ಯರ್ಥವಾಗಿಲ್ಲ. ಹಾಡಾದರೋ ಊರೂರು ಸುತ್ತುತ್ತಿತ್ತು. ಮುಚ್ಚಳಗಳ ಹೊಣೆ ಹೊತ್ತಿದ್ದ ನಾವಿಕರಲ್ಲಿ ಒಬ್ಬನ ತಾಯಿ, ಇನ್ನೊಬ್ಬನ ಮಗಳು ಆ ಸಾಲು ಕೇಳಿದಾಗಲೆಲ್ಲ ನೊಂದುಕೊಳ್ಳುತ್ತಿದ್ದರೆಂದು ಗಾಯಕರೇ ಹೇಳಿದ್ದಾರೆ.

ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಆ ನೋವು ಅರ್ಥವಾಗದ್ದಲ್ಲ. ಅಪಘಾತದ ಕಾಗದದಲ್ಲಿ “ಕೆಲಸಗಾರನ ಅಜಾಗರೂಕತೆ” ಎಂಬೆರಡು ಶಬ್ದ ಬಿದ್ದರೆ, ಸತ್ತವನು ಎದ್ದುಬಂದು ಅಲ್ಲಗಳೆಯಲಾರ. ಅವನ ಮನೆಯವರು ಅದನ್ನು ಬದುಕಿರುವವರೆಗೆ ಹೊರಬೇಕು.

ದೈತ್ಯ ಅಲೆಗೆ ಸಿಕ್ಕಿ ಹಡಗು ಮುರಿದಿರಬೇಕು, ನಾವಿಕರ ತಪ್ಪಲ್ಲವೆಂದು ಒಂದು ಸಾಕ್ಷ್ಯಚಿತ್ರದವರು ವಾದಿಸಿದರು. ಅದನ್ನು ತಿಳಿದ ಲೈಟ್‌ಫುಟ್ ಅವರು 2010ರಿಂದ ಸಭೆಗಳಲ್ಲಿ ಹಾಡುವಾಗ ಆ ಸಾಲನ್ನು ಕೈಬಿಟ್ಟು, ಕತ್ತಲಾಯಿತೆಂದಷ್ಟೇ ಹಾಡತೊಡಗಿದರು. 30 ವರ್ಷಕ್ಕೂ ಮೀರಿ ಹಾಡಿ ಹೆಸರು ತಂದಿದ್ದ ಸಾಲು ಅದು! 2023ರಲ್ಲಿ ಅವರು ತೀರಿಕೊಂಡಾಗ ಡೆಟ್ರಾಯಿಟ್ ನಗರದ ನಾವಿಕರ ಚರ್ಚಿನಲ್ಲಿ ಗಂಟೆಯನ್ನು 30 ಬಾರಿ ಬಾರಿಸಿದರು. ನಾವಿಕರಿಗೆ 29, ಅವರಿಗೊಂದು.

ನಮ್ಮಲ್ಲಿಯೂ ಹಾಡು ಕಟ್ಟುವವರು, ವರದಿ ಬರೆಯುವವರು ಇದ್ದಾರೆ. ಮಡಿದವರ ವಿಷಯ ಬರೆಯುವಾಗ ಅವರ ಮನೆಯವರು ಎದುರಿಗೆ ಕುಳಿತು ಕೇಳುತ್ತಿರುವರೆಂದು ಎಣಿಸಿ ಬರೆಯೋಣ. ಹೊಸ ಸಂಗತಿ ತಿಳಿದುಬಂದರೆ, ಎಷ್ಟೇ ಚೆಂದದ ಸಾಲಾದರೂ ತಿದ್ದೋಣ.